ನಿದ್ದೆ ಹೂವಿನ ರಸ

ನಾನು ಹೇಳಿದ ಸುಳ್ಳು ಒಂದೇ ಒಂದು ಶಬ್ದದ್ದು. ‘ಇಲ್ಲರಿ’ ಅಂದೆ, ಅಷ್ಟೆ. ಅದನ್ನು ಹೇಳಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕೆನಡಾದ ರೆಕ್ಸ್‌ಡೇಲಿನ ಒಂದು ಮನೆಯ ಅಡುಗೆಮನೆಯಲ್ಲಿ ನಿಂತುಕೊಂಡು. ಈಗಲೂ ಔಷಧದಂಗಡಿಗೆ ಹೋದಾಗ ಗಿಡಮೂಲಿಕೆಗಳ ಸಾಲಿನಲ್ಲಿ ಹಾಪ್ಸ್ ಎಂದು ಬರೆದ ಕಂದು ಬಾಟಲಿ ಕಣ್ಣಿಗೆ ಬಿದ್ದರೆ ಕಿವಿ ಬಿಸಿಯಾಗುತ್ತದೆ. ಪಕ್ಕದಲ್ಲಿ ಹೆಂಡತಿ ಇದ್ದರೆ ಅವಳು ಬಾಟಲಿಯನ್ನೂ ನೋಡುತ್ತಾಳೆ, ನನ್ನನ್ನೂ ನೋಡುತ್ತಾಳೆ, ಏನೂ ಅನ್ನದೆ ಟೂತ್‌ಪೇಸ್ಟಿನ ಕಡೆಗೆ ಹೋಗುತ್ತಾಳೆ. ಅದಕ್ಕಿಂತ ಬೈದರೆ ಎಷ್ಟೋ ವಾಸಿ.

ಧಾರವಾಡದಲ್ಲಿ ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಹುಡುಗರು ‘ಸರ್’ ಅಂದರೆ ತಲೆ ಎತ್ತಿಯೂ ನೋಡದಷ್ಟು ದಿಮಾಕು ಇತ್ತು. ಕೆನಡಾಕ್ಕೆ ಬಂದಮೇಲೆ ಆ ದಿಮಾಕಿಗೆ ಕೂಡಲು ಎಲ್ಲೂ ಜಾಗ ಸಿಗಲಿಲ್ಲ. ಇಲ್ಲಿಯ ಅನುಭವ ಏನಿದೆ ಎಂದು ಕೇಳಿದವರೆಲ್ಲ ಕಾಗದಗಳನ್ನು ಮಡಿಚಿ ವಾಪಸು ಕೊಟ್ಟರು. ಕೊನೆಗೆ ಕೆಲಸ ಸಿಕ್ಕಿದ್ದು ಗಿಡಮೂಲಿಕೆಗಳ ಅರ್ಕ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಬೆಳಗಿನ ಶಿಫ್ಟಲ್ಲಿ ಬಾಟಲಿ ತುಂಬುವ ಲೈನಿನ ಕೊನೆಗೆ ನಿಂತು, ಹನಿ ಹಾಕುವ ರಬ್ಬರ್ ಮುಚ್ಚಳ ತಿರುಗಿಸುವುದು, ಚೀಟಿ ಸರಿಯಾಗಿ ಅಂಟಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಅದಕ್ಕೆ ಎಂಎಸ್ಸಿ ಬೇಕಾಗಿರಲಿಲ್ಲ.

ನಾನು, ಹೆಂಡತಿ, ನಮ್ಮ ಸಣ್ಣ ಮಗು ಬಾಡಿಗೆಗೆ ಇದ್ದದ್ದು ಬೆಳಗಾವಿ ಕಡೆಯವರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ. ಮೇಲಿನವರು ಏನು ಕೆಲಸ ಎಂದು ಕೇಳಿದಾಗ ‘ಔಷಧದ ಕಂಪನಿ, ಪ್ರೊಡಕ್ಷನ್’ ಅಂದುಬಿಟ್ಟೆ. ಹಾಗೆ ನೋಡಿದರೆ ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೇಳಿದವರು ಬಿಳಿ ಕೋಟು, ಗಾಜಿನ ನಳಿಗೆ, ಮೈಕ್ರೋಸ್ಕೋಪು ಎಲ್ಲವನ್ನೂ ತಾವೇ ಕಲ್ಪಿಸಿಕೊಂಡರು. ನಾನು ಬೇಡ ಅನ್ನಲಿಲ್ಲ. ಒಂದೆರಡು ತಿಂಗಳಲ್ಲಿ ಭಾನುವಾರ ಸೇರುತ್ತಿದ್ದ ನಮ್ಮ ಜನರೆಲ್ಲ ಕೆಮ್ಮು ನೆಗಡಿಗೆ ನನ್ನ ಸಲಹೆ ಕೇಳತೊಡಗಿದರು. ನಾನು ಗಂಭೀರವಾಗಿ ಮುಖ ಮಾಡಿಕೊಂಡು ಹೇಳತೊಡಗಿದೆ.

ಹಾಪ್ಸ್ ಹೂವನ್ನು ನಾನು ಮೊದಲು ನೋಡಿದ್ದು ಆ ಕಾರ್ಖಾನೆಯಲ್ಲೇ. ಹೂವು ಅನ್ನುತ್ತಾರೆ ಅಷ್ಟೆ. ಹೆಬ್ಬೆರಳಿನಷ್ಟು ಉದ್ದ, ತಿಳಿ ಹಸಿರು, ತೆಳು ಕಾಗದದ ಎಸಳುಗಳನ್ನು ಒಂದರ ಮೇಲೊಂದು ಹೊದಿಸಿದ ಹಾಗೆ. ಎಸಳು ಬಿಡಿಸಿದರೆ ಬುಡದಲ್ಲಿ ಹಳದಿ ಪುಡಿ ಇರುತ್ತದೆ, ಬೆರಳಿಗೆ ಅಂಟಿಕೊಳ್ಳುತ್ತದೆ. ಅದನ್ನು ನಾಲಿಗೆಗೆ ತಾಗಿಸಿಕೊಂಡೆನೋ, ಬೇವಿನ ಕಷಾಯ ಕುಡಿದ ಹಾಗೆ ಮಧ್ಯಾಹ್ನದ ಊಟದ ತನಕ ಕಹಿ. ಮೂಟೆ ಬಿಚ್ಚಿದ ದಿನ ಇಡೀ ಗೋದಾಮು ಒಣಹುಲ್ಲು ಮತ್ತು ಹುಳಿ ಹಣ್ಣು ಕೂಡಿದಂಥ ಒಂದು ಘಾಟು ವಾಸನೆಯಿಂದ ತುಂಬಿಬಿಡುತ್ತಿತ್ತು. ಅಂಗಿಗೆ ಹತ್ತಿದರೆ ತೊಳೆದರೂ ಬೇಗ ಹೋಗುತ್ತಿರಲಿಲ್ಲ.

ಬಿಯರಿಗೆ ಕಹಿ ಬರುವುದು ಇದೇ ಹೂವಿನಿಂದ. ಕಾರ್ಖಾನೆಯಲ್ಲಿ ಮಾತ್ರ ಅದು ನಿದ್ದೆಯ ಗಿಡ. ಬಾಟಲಿಯ ಜೊತೆ ಇಡುತ್ತಿದ್ದ ಸಣ್ಣ ಕಾಗದದಲ್ಲಿ ಅದರ ಉಪಯೋಗ ಬರೆದಿರುತ್ತಿತ್ತು: ನಿದ್ದೆ ಬಾರದವರಿಗೆ, ಸುಮ್ಮಸುಮ್ಮನೆ ಎದೆ ಡವಗುಟ್ಟುವವರಿಗೆ, ಊಟ ಸೇರದವರಿಗೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಕಾದು ಬೆವರುವ ಹೆಂಗಸರಿಗೆ. ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ, ನಿದ್ದೆಗುಳಿಗೆ ನುಂಗುವವರು ತಗೊಳ್ಳಬಾರದು, ಮನಸ್ಸು ಕುಗ್ಗಿದವರು ತಗೊಳ್ಳಬಾರದು, ಬಸುರಿಯರು ಡಾಕ್ಟರನ್ನು ಕೇಳಬೇಕು ಎಂದೆಲ್ಲ ಇರುತ್ತಿತ್ತು. ಅದು ನಿಜಕ್ಕೂ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲವರಿಗೆ ಆಗುತ್ತಿತ್ತು, ಕೆಲವರಿಗೆ ಆಗುತ್ತಿರಲಿಲ್ಲ.

ನಮ್ಮ ಲೈನಿನಲ್ಲಿ ಪೂರ್ವ ಯುರೋಪಿನಿಂದ ಬಂದ ಒಬ್ಬ ಹಿರಿಯ ಹೆಂಗಸು ಇದ್ದಳು. ತನ್ನ ಅಜ್ಜಿ ಒಣಗಿದ ಹಾಪ್ಸನ್ನು ದಿಂಬಿನೊಳಗೆ ತುಂಬಿ ಮಲಗುತ್ತಿದ್ದಳು ಎಂದು ಹೇಳುತ್ತಿದ್ದಳು. ಕೆಲಸ ಕಲಿಸಿದವಳೂ ಅವಳೇ. ನಮ್ಮಲ್ಲಿ ಎರಡು ತರಹದ ಅರ್ಕ ತಯಾರಾಗುತ್ತಿತ್ತು. ಒಂದರಲ್ಲಿ ಹೂವನ್ನು ವಾರಗಟ್ಟಲೆ ಆಲ್ಕೊಹಾಲಿನಲ್ಲಿ ನೆನೆಸಿ, ಹಿಂಡಿ, ಸೋಸುತ್ತಿದ್ದರು. ಇನ್ನೊಂದನ್ನು ಗ್ಲಿಸರಿನ್‌ನಲ್ಲಿ ಮಾಡುತ್ತಿದ್ದರು, ಅದು ಸಿಹಿ, ಸ್ವಲ್ಪ ಮೆದು. ‘ಕುಡಿಯದವರಿಗೆ ಈ ಗ್ಲಿಸರಿನ್‌ದನ್ನು ಕೊಡಬೇಕು, ನೆನಪಿಡು’ ಎಂದು ಅವಳು ಮೊದಲ ವಾರವೇ ಹೇಳಿದ್ದಳು. ಹಾಗಾಗಿ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಮೇಲಿನ ಮನೆಯಲ್ಲಿ ಮಗಳು, ಅಳಿಯನ ಜೊತೆ ಒಬ್ಬ ಹಿರಿಯರು ಇದ್ದರು. ಬೆಳಗಾವಿ ಹತ್ತಿರದ ಊರಿನಲ್ಲಿ ಮೂವತ್ತು ವರ್ಷ ಪ್ರೈಮರಿ ಸಾಲಿ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಹಾಗಾಗಿ ರೆಕ್ಸ್‌ಡೇಲಿನಲ್ಲೂ ಎಲ್ಲರ ಬಾಯಲ್ಲಿ ಅವರು ಅಕ್ಕೋರೇ. ಶನಿವಾರ ಬೆಳಿಗ್ಗೆ ನಮ್ಮ ಜನರ ಮಕ್ಕಳನ್ನು ಸೋಫಾದ ಮುಂದೆ ಕೂಡಿಸಿಕೊಂಡು ಅ ಆ ಇ ಈ ತಿದ್ದಿಸುತ್ತಿದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಏನೋ ಗೊಣಗಿದರೆ ‘ನನಗೂ ಇಂಗ್ಲೀಷ್ ಬರತೈತ್ಲೇ, ಹುಷಾರ್’ ಅನ್ನುತ್ತಿದ್ದರು. ಅಷ್ಟೇನೂ ಬರುತ್ತಿರಲಿಲ್ಲ. ಆದರೆ ಬೇಕಾದ ಶಬ್ದಗಳು ಬರುತ್ತಿದ್ದವು.

ಅಕ್ಕೋರು ಲಿಂಗಧಾರಿಗಳು. ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ಯಾವಾಗಲೂ ಕೊರಳಲ್ಲಿ, ಸೆರಗಿನ ಕೆಳಗೆ, ಎದೆಯ ಮೇಲೆ ಇರುತ್ತಿತ್ತು. ನಾನೂ ಅಂಥದೇ ಮನೆತನದವನೇ, ಆದರೆ ನನ್ನ ಲಿಂಗ ಪಾಸ್‌ಪೋರ್ಟಿನ ಜೊತೆ ಸೂಟ್‌ಕೇಸಿನಲ್ಲಿತ್ತು. ಅವರು ಹಾಗಲ್ಲ. ಲಿಂಗಕ್ಕೆ ಅರ್ಪಿಸದೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಯಾರ ಮನೆಯಲ್ಲಿ ಏನು ಕೊಟ್ಟರೂ, ಚಹ ಇರಲಿ, ಒಂದು ತುಂಡು ಸೇಬು ಇರಲಿ, ಮೊದಲು ಅದನ್ನು ಎದೆಯ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. ತುಟಿ ಒಂದು ಕ್ಷಣ ಅಲುಗುತ್ತಿತ್ತು. ಆಮೇಲೆ ಪ್ರಸಾದ ಎಂದು ತಾವು ತಿನ್ನುತ್ತಿದ್ದರು. ಅದನ್ನು ನೋಡಿ ನೋಡಿ ನಮಗೆ ಅದು ಅವರು ಕನ್ನಡಕ ಸರಿಮಾಡಿಕೊಂಡಷ್ಟೇ ಸಹಜವಾಗಿ ಹೋಗಿತ್ತು.

ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಬೇಸ್‌ಮೆಂಟಿನಲ್ಲಿ ಇದ್ದವರಿಗೆ ಮೇಲಿನವರ ಎಲ್ಲ ಗುಟ್ಟೂ ಗೊತ್ತಿರುತ್ತದೆ. ನಮ್ಮ ಹಾಸಿಗೆಯ ನೆತ್ತಿಯ ಮೇಲೇ ಅವರ ಕೋಣೆ, ಅಲ್ಲಿ ಹೆಜ್ಜೆ ಸಪ್ಪಳ ಇದ್ದೇ ಇರುತ್ತಿತ್ತು. ಬೆಳಿಗ್ಗೆ ನೋಡಿದರೆ ಕಣ್ಣು ಕೆಂಪಗೆ, ಕೆಳಗೆ ಕಪ್ಪು. ‘ಹಗಲಿಗೆ ಸಾಲಿ ಇಲ್ಲ, ರಾತ್ರಿಗೆ ನಿದ್ದಿ ಇಲ್ಲ, ನಾ ಏನ್ ಮಾಡ್ಲಿ ತಮ್ಮಾ’ ಎಂದು ನಗುತ್ತಲೇ ಕೇಳಿದರು ಒಂದು ದಿನ. ಡಾಕ್ಟರರ ನಿದ್ದೆಗುಳಿಗೆ ಅವರಿಗೆ ಬೇಡವಾಗಿತ್ತು. ‘ನಿನ್ನ ಔಷಧ ಕಂಪನ್ಯಾಗ ಏನರೆ ಇದ್ದರ ನೋಡು’ ಅಂದರು.

ಇದ್ದದ್ದನ್ನು ಹೇಳುತ್ತೇನೆ. ಆ ಮಾತು ಕೇಳಿ ನಾನು ಒಂದು ಗೇಣು ಉಬ್ಬಿದೆ. ಕಾರ್ಖಾನೆಯಲ್ಲಿ ಚೀಟಿ ಸೊಟ್ಟ ಅಂಟಿದ ಬಾಟಲಿಗಳನ್ನು ಶುಕ್ರವಾರ ಕೆಲಸದವರು ಪುಕ್ಕಟೆ ತಗೊಂಡು ಹೋಗಬಹುದಾಗಿತ್ತು. ಆ ವಾರ ಪೆಟ್ಟಿಗೆಯಲ್ಲಿ ಹಾಪ್ಸ್ ಇತ್ತು, ಆದರೆ ಆಲ್ಕೊಹಾಲಿನದು. ಗ್ಲಿಸರಿನ್‌ದು ಬೇಕಿದ್ದರೆ ಆಫೀಸಿಗೆ ಹೋಗಿ ಕೊಳ್ಳಬೇಕಿತ್ತು. ಹೋಗಲಿಲ್ಲ. ಜಿಪುಣತನ ಒಂದು ಕಾರಣ. ಗ್ಲಿಸರಿನ್‌ದು ಮೆದು, ಅದರಿಂದ ನಿದ್ದೆ ಬಾರದಿದ್ದರೆ ನನ್ನ ಹೆಸರು ಕೆಡುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ನನಗೆ ಬೇಕಾಗಿದ್ದದ್ದು ಅವರ ನಿದ್ದೆಯಲ್ಲ, ಮರುದಿನ ಬೆಳಿಗ್ಗೆ ಅವರ ಬಾಯಿಂದ ಬರುವ ಶಹಭಾಸ್.

ಮನೆಗೆ ಬಂದು ಬಿಸಿನೀರಿನಲ್ಲಿ ಅದ್ದಿ ಚೀಟಿ ಕಿತ್ತು ತೆಗೆದೆ. ಅದರ ಮೇಲೆ ಆಲ್ಕೊಹಾಲ್ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನನ್ನ ಹೆಂಡತಿ ಸಿಂಕಿನ ಹತ್ತಿರ ನಿಂತು ನೋಡುತ್ತಿದ್ದಳು.

“ಅದನ್ಯಾಕ ಕೀಳಾಕತ್ತೀರಿ?”

“ಸೊಟ್ಟ ಐತಿ, ಚಂದ ಕಾಣೂದಿಲ್ಲ.”

ಅವಳು ಆ ಹಸಿ ಚೀಟಿಯನ್ನು ಎತ್ತಿ ಓದಿದಳು. ಆಮೇಲೆ ನನ್ನ ಕೈಯಲ್ಲಿಟ್ಟಳು. “ನಾ ಇದನ್ನ ಮ್ಯಾಲೆ ಒಯ್ದು ಕೊಡೂದಿಲ್ಲ. ಕೊಡೂದಿದ್ದರ ನೀವ ಕೊಡ್ರಿ. ಹೇಳಿ ಕೊಡ್ರಿ,” ಅಂದಳು.

ನಾನೇ ಮೇಲೆ ಹೋದೆ. ಅಕ್ಕೋರು ಅಡುಗೆಮನೆಯಲ್ಲಿ ಕಟ್ಟೆಗೆ ಆತು ನಿಂತು ಸೊಪ್ಪು ಸೋಸುತ್ತಿದ್ದರು. ಕೈ ಒರೆಸಿಕೊಂಡು ಬಾಟಲಿ ತಗೊಂಡರು, ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದರು. ಹುಬ್ಬು ಕೂಡಿತು.

“ಸೂಜಿ ಮಾಡೋ ಮುಂದ ಹಚ್ಚತಾರಲ್ಲ, ಆ ವಾಸನಿ ಹೊಡೀತೈತಲ್ಲೋ ತಮ್ಮಾ. ಇದ್ರಾಗ ಶೆರೆ ಗಿರೆ ಏನೂ ಇಲ್ಲಲ್ಲ?”

ಆಗ ನನಗೆ ಬಾಯಿ ಬಿಡಲು ಬೇಕಾದಷ್ಟು ಸಮಯ ಇತ್ತು. ಅದರಲ್ಲಿ ಸ್ವಲ್ಪ ಇರತೈತ್ರಿ ಅಕ್ಕೋರ, ಬೇರೆದು ತರತೀನಿ ಎಂದಿದ್ದರೆ ಅವರು ನಕ್ಕು ವಾಪಸು ಕೊಡುತ್ತಿದ್ದರು. ಸೋಮವಾರ ಇನ್ನೊಂದು ತಂದುಕೊಡುತ್ತಿದ್ದೆ. ಅಷ್ಟೇ ಆಗಿ ಮುಗಿಯುತ್ತಿತ್ತು. ಆದರೆ ಗೊತ್ತಿದ್ದೂ ಯಾಕ ತಂದಿ ಎಂದು ಕೇಳಿದರೆ ಏನು ಹೇಳಲಿ? ಬಿಳಿ ಕೋಟಿನವನು ಇಷ್ಟೂ ಯೋಚನೆ ಮಾಡಲಿಲ್ಲವೇ ಎಂದುಕೊಂಡರೆ?

“ಇಲ್ಲರಿ,” ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. “ಆ ಹೂವಿಂದ ವಾಸನಿ ಹಂಗ ಇರತೈತ್ರಿ.”

ಅವರು ಇನ್ನೊಮ್ಮೆ ಮೂಸಿದರು. ನನ್ನ ಮುಖ ನೋಡಿದರು. “ಆತು ಬಿಡು, ನೀ ಓದಿದಾವ,” ಅಂದರು. ಹೇಗೆ ತಗೊಳ್ಳಬೇಕು ಎಂದು ಕೇಳಿದರು. ಮೂವತ್ತು ಹನಿ, ಅರ್ಧ ಲೋಟ ನೀರಿಗೆ ಎಂದೆ. ಎಣಿಸಿ ಹಾಕಿ ತೋರಿಸು ಅಂದರು. ತೋರಿಸಿದೆ. ಅವರು ಲೋಟವನ್ನು ಎದೆಯ ಹತ್ತಿರ ಹಿಡಿದರು, ಕಣ್ಣು ಮುಚ್ಚಿದರು, ತುಟಿ ಅಲುಗಿತು.

ಅದನ್ನು ನಾನು ಮರೆತೇಬಿಟ್ಟಿದ್ದೆ. ನನ್ನ ಲೆಕ್ಕದಲ್ಲಿ ಅದು ಒಬ್ಬ ಮುದುಕಿಯ ಹೊಟ್ಟೆಗೆ ಹೋಗುವ ಮೂವತ್ತು ಹನಿ ಆಗಿತ್ತು. ಅದು ಮೊದಲು ಲಿಂಗಕ್ಕೆ ಹೋಗುತ್ತದೆ ಅನ್ನುವುದು ಹೊಳೆದದ್ದು ಅವರು ಕಣ್ಣು ಮುಚ್ಚಿದಾಗ. ಕೈ ಚಾಚಿ ಲೋಟ ಹಿಡಿಯಬೇಕು ಅನಿಸಿತು. ಹಿಡಿಯಲಿಲ್ಲ. ಅವರು ಕುಡಿದು, ಮುಖ ಕಿವುಚಿ, ‘ಯವ್ವಾ, ಏನ್ ಕಹಿಲೇ’ ಎಂದು ನಕ್ಕರು. ನಾನೂ ನಕ್ಕೆ.

ಕೆಳಗೆ ಇಳಿದು ಬಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು. “ಹೇಳಿದ್ರಿ?”

“ಮೂವತ್ತ ಹನಿ, ಮಾರಾಯ್ತಿ. ಭಾಳ ಹಣ್ಣಾದ ಬಾಳೆಹಣ್ಣಿನ್ಯಾಗೂ ಒಂದೀಟು ಇರತೈತಿ.”

“ಬಾಳೆಹಣ್ಣು ಯಾರೂ ಸುಳ್ಳ ಹೇಳಿ ತಿನ್ಸೂದಿಲ್ಲ,” ಎಂದು ಅವಳು ಪಾತ್ರೆ ತೊಳೆಯಲು ತಿರುಗಿದಳು. ನನಗೆ ಸಿಟ್ಟು ಬಂತು. ತಪ್ಪು ನನ್ನದಾದಾಗಲೆಲ್ಲ ಸಿಟ್ಟು ಬರುವುದು ನನ್ನ ಹಳೆಯ ಚಾಳಿ. ನಿನಗೆ ಕೆಮಿಸ್ಟ್ರಿ ಏನು ಗೊತ್ತು ಎಂದು ರೇಗಿದೆ.

ಹೂವಿನ ಗುಣವೋ, ನಂಬಿಕೆಯ ಗುಣವೋ, ಅಕ್ಕೋರಿಗೆ ನಿದ್ದೆ ಬಂತು. ಒಂದು ವಾರದಲ್ಲಿ ನೆತ್ತಿಯ ಮೇಲಿನ ಹೆಜ್ಜೆ ಸಪ್ಪಳ ನಿಂತಿತು. ಕಣ್ಣಿನ ಕೆಳಗಿನ ಕಪ್ಪು ತಿಳಿಯಾಯಿತು. ಅವರು ಸಿಕ್ಕವರಿಗೆಲ್ಲ ಹೇಳಿದರು. ದೀಪಾವಳಿಗೆ ನಮ್ಮ ಜನ ಸೇರಿದಾಗ, ಊಟದ ತಟ್ಟೆ ಹಿಡಿದವರ ನಡುವೆ ನನ್ನ ಭುಜ ಹಿಡಿದು ನಿಲ್ಲಿಸಿಕೊಂಡು, ‘ಇಂವಾ ನಮ್ಮ ಕೆಳಗಿನ ಮನಿ ಹುಡುಗ, ನನಗ ನಿದ್ದಿ ಕೊಟ್ಟಾಂವ’ ಅಂದರು. ಹೆಂಗಸರು ಸುತ್ತ ಸೇರಿ ಕೇಳಿದರು. ನಾನು ಮುಟ್ಟು ನಿಲ್ಲುವಾಗಿನ ಬಿಸಿಗೂ ಇದು ಒಳ್ಳೆಯದು, ಜೀರ್ಣಕ್ಕೂ ಒಳ್ಳೆಯದು ಎಂದು ಕಾಗದದಲ್ಲಿ ಓದಿದ್ದನ್ನೆಲ್ಲ ನನ್ನದೇ ಸಂಶೋಧನೆ ಎನ್ನುವ ಧಾಟಿಯಲ್ಲಿ ಹೇಳಿದೆ. ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಹೇಳಲಿಲ್ಲ. ಹೆಂಡತಿ ದೂರದಲ್ಲಿ ಮಗುವಿಗೆ ಅನ್ನ ಕಲಸುತ್ತಿದ್ದಳು, ತಲೆ ಎತ್ತಲಿಲ್ಲ.

ಎರಡನೆಯ ಬಾಟಲಿಯನ್ನೂ ಚೀಟಿ ಕಿತ್ತು ಕೊಟ್ಟಾಗ ಅಕ್ಕೋರು ಅಂದರು, “ಇದಕ್ಕ ಹೆಸರ ಇಲ್ಲಲ್ಲೋ. ಅಡಗಿಮನ್ಯಾಗ ವೆನಿಲ್ಲಾ ಬಾಟ್ಲಿ ಹಿಂಗ ಐತಿ, ಮಗಳು ಕೇಕಿಗೆ ಸುರವಿಬಿಟ್ಟಾಳು.” ಮಕ್ಕಳ ಪಾಟಿಗೆ ಹೆಸರು ಅಂಟಿಸುವ ಬಿಳಿ ಚೀಟಿ ತಂದು, ಕನ್ನಡಕ ಏರಿಸಿ, ಗುಂಡಗಿನ ಅಕ್ಷರದಲ್ಲಿ ಬರೆದರು: ನಿದ್ದೆ ಹೂವಿನ ರಸ. ಕೆಳಗೆ ಒಂದು ಗೆರೆ ಎಳೆದರು. ಅದರ ಕೆಳಗೆ: ಮೂವತ್ತು ಹನಿ. ತಮ್ಮ ಕೈಯಾರೆ ಅಂಟಿಸಿ, ಹೆಬ್ಬೆರಳಿಂದ ನಾಲ್ಕೂ ಮೂಲೆ ಒತ್ತಿದರು. ಒಂದು ಮೂಲೆಯೂ ಸೊಟ್ಟಾಗಿರಲಿಲ್ಲ.

ನಾನು ಗ್ಲಿಸರಿನ್‌ದನ್ನು ಕೊಂಡು ತಂದು ಗುಟ್ಟಾಗಿ ಬದಲಾಯಿಸಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಆದರೆ ಅದು ಸಿಹಿ. ರುಚಿ ಯಾಕೆ ಬದಲಾಯಿತು ಎಂದು ಕೇಳಿದರೆ ಇನ್ನೊಂದು ಸುಳ್ಳು ಬೇಕು. ಮುಂದಿನ ಬಾಟಲಿಗೆ ನೋಡೋಣ, ಹಬ್ಬ ಆಗಲಿ, ಸಂಕ್ರಾಂತಿ ಆಗಲಿ ಅನ್ನುತ್ತ ಮುಂದೂಡಿದೆ. ಹೀಗೆ ನಾಲ್ಕು ತಿಂಗಳು, ಪ್ರತಿ ದಿನ, ಆ ಲೋಟ ಅವರ ಎದೆಯ ಹತ್ತಿರ ಹೋಯಿತು.

ಫೆಬ್ರವರಿಯಲ್ಲಿ ಅಕ್ಕೋರಿಗೆ ಕಣ್ಣಿನ ಪೊರೆ ತೆಗೆಸುವುದು ಎಂದಾಯಿತು. ಆಪರೇಷನ್ನಿಗೆ ಎರಡು ವಾರ ಮುಂಚೆ ಆಸ್ಪತ್ರೆಗೆ ಬಂದು ನರ್ಸಿಗೆ ಎಲ್ಲ ಹೇಳಬೇಕು, ತಗೊಳ್ಳುವ ಔಷಧವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬರಬೇಕು ಎಂದು ಫೋನಿನಲ್ಲಿ ಹೇಳಿದರು. ಮಗಳಿಗೆ ರಜೆ ಸಿಗಲಿಲ್ಲ. ನನಗೆ ಶಿಫ್ಟು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ಕಾರಿತ್ತು, ಇಂಗ್ಲಿಷು ಇತ್ತು. ‘ನೀನ ಬಾ ತಮ್ಮಾ, ಔಷಧದ ಮಾತು ನಿನಗ ಛಲೋ ತಿಳೀತೈತಿ’ ಎಂದು ಅಕ್ಕೋರೇ ಅಂದರು.

ಸಣ್ಣ ಕೋಣೆ, ಗೋಡೆಯ ಮೇಲೆ ಕಣ್ಣಿನ ಚಿತ್ರ. ನರ್ಸು ಒಳ್ಳೆಯ ಹೆಂಗಸು, ನಿಧಾನವಾಗಿ ಕೇಳುತ್ತಿದ್ದಳು. ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ, ಅವರ ಉತ್ತರವನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಸಕ್ಕರೆ ಕಾಯಿಲೆ ಇದೆಯೇ? ಇಲ್ಲ. ಬಿಪಿ? ಸ್ವಲ್ಪ. ಸಿಗರೇಟು? ಅಕ್ಕೋರು ನಕ್ಕರು. ಆಲ್ಕೊಹಾಲ್? ನಾನು ತಿರುಗಿಸುವ ಮೊದಲೇ ಅವರಿಗೆ ತಿಳಿಯಿತು. ಕುರ್ಚಿಯಲ್ಲಿ ನೆಟ್ಟಗಾಗಿ ಕೂತರು.

“ನಮ್ಮ ಮನಿತನದಾಗ ಹೊಸ್ತಲಾ ದಾಟಿ ಒಳಗ ಬಂದಿಲ್ಲ ಅಂತ ಹೇಳಾಕಿಗೆ.”

‘ನೆವರ್’ ಅಂದೆ. ನರ್ಸು ಫಾರ್ಮಿನಲ್ಲಿ ಇಲ್ಲ ಎಂಬ ಕಡೆ ಗುರುತು ಹಾಕಿದಳು. ಆಮೇಲೆ ಗಿಡಮೂಲಿಕೆ, ವಿಟಮಿನ್ನು, ಮನೆಮದ್ದು ಏನಾದರೂ ಇದೆಯೇ ಎಂದು ಕೇಳಿ, ಅವರ ಚೀಲವನ್ನು ಮೇಜಿನ ಮೇಲೆ ಬಿಚ್ಚಿದಳು. ಬಿಪಿ ಗುಳಿಗೆ, ಮಂಡಿಗೆ ಹಚ್ಚುವ ಎಣ್ಣೆ, ಕೊನೆಗೆ ಗುಂಡಗಿನ ಅಕ್ಷರದ ಚೀಟಿ ಅಂಟಿದ ಆ ಕಂದು ಬಾಟಲಿ.

ಇದೇನು ಎಂದು ನರ್ಸು ಅದನ್ನು ಬೆಳಕಿಗೆ ಹಿಡಿದು ಕೇಳಿದಳು. ಹಾಪ್ಸ್ ಎಂದೆ, ನಿದ್ದೆಗೆ ಎಂದೆ. ಅವಳು ಮುಚ್ಚಳ ತೆಗೆದು ಮೂಸಿದಳು. ಟಿಂಕ್ಚರೇ, ಅಂದರೆ ಅರ್ಕವೇ, ಇದರಲ್ಲಿ ಆಲ್ಕೊಹಾಲ್ ಇದೆಯಲ್ಲವೇ ಎಂದಳು.

ಇಲ್ಲ ಅನ್ನಲು ಆಗಲಿಲ್ಲ. ಆಪರೇಷನ್ನಿನ ದಿನ ಅವರಿಗೆ ಮಂಪರಿನ ಔಷಧ ಕೊಡುತ್ತಾರೆ, ನಿದ್ದೆ ತರಿಸುವ ಗಿಡಮೂಲಿಕೆ ತಗೊಳ್ಳುವವರು ಅದನ್ನು ಮೊದಲೇ ಹೇಳಲೇಬೇಕು, ಇದು ನನಗೆ ಗೊತ್ತಿತ್ತು. ಅಷ್ಟು ಮಾತ್ರದ ಮನುಷ್ಯತ್ವ ಉಳಿದಿತ್ತು ಅಂತ ಹೇಳಿಕೊಳ್ಳಬಹುದು. ಆದರೂ ಬೇಗಬೇಗ, ತಗ್ಗಿದ ದನಿಯಲ್ಲಿ, ಅಕ್ಕೋರ ಕಿವಿಗೆ ಬೀಳದ ಹಾಗೆ ಹೇಳಲು ನೋಡಿದೆ. ‘ಯೆಸ್, ಆಲ್ಕೊಹಾಲ್ ಬೇಸ್’ ಅಂದೆ. ಆ ಶಬ್ದ ಮಾತ್ರ ಎಷ್ಟು ಮೆಲ್ಲಗೆ ಅಂದರೂ ಅದೇ ಶಬ್ದವೇ.

ನರ್ಸಿಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ತುಂಬ ಕಡಿಮೆ ಪ್ರಮಾಣ, ಚಿಂತೆ ಇಲ್ಲ, ಆದರೆ ಇವತ್ತಿನಿಂದಲೇ ನಿಲ್ಲಿಸಿ, ನಾನು ಮಂಪರು ಕೊಡುವ ಡಾಕ್ಟರಿಗೆ ಬರೆದಿಡುತ್ತೇನೆ ಎಂದಳು. ಫಾರ್ಮಿನಲ್ಲಿ ಇಲ್ಲ ಎಂದು ಹಾಕಿದ್ದ ಗುರುತಿನ ಮೇಲೆ ಒಂದು ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ಏನೋ ಬರೆದಳು.

ಅಕ್ಕೋರಿಗೆ ಮೇಜಿನ ಆಚೆಯ ಅಕ್ಷರ ಕಾಣುವಷ್ಟು ಕಣ್ಣಿರಲಿಲ್ಲ. ಆದರೆ ಒಂದು ಉತ್ತರವನ್ನು ಹೊಡೆದು ಹಾಕುವ ಕೈ ಹೇಗೆ ಆಡುತ್ತದೆ ಎಂದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

“ಏನ್ ತಿದ್ದಿದಳು ಆಕಿ?”

ನಾನು ಮೇಜಿನ ಮೇಲಿನ ಬಾಟಲಿಯ ಮುಚ್ಚಳ ಬಿಗಿ ಮಾಡಿದೆ. ನರ್ಸು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು.

“ಕೇಳಾಕತ್ತೀನಲ್ಲ ತಮ್ಮಾ. ಏನ್ ತಿದ್ದಿದಳು?”

“ನೀವು ತೊಗೊಳ್ಳೂದಿಲ್ಲ ಅಂತ ಬರದಿದ್ದಳ್ರಿ,” ಅಂದೆ. “ಅದನ್ನ ಹೊಡದಳು.”

ಅವರ ಬಲಗೈ ಸೆರಗಿನ ಕೆಳಗೆ ಹೋಗಿ ಕರಡಿಗೆಯನ್ನು ಹಿಡಿದುಕೊಂಡಿತು. ಮಿಕ್ಕ ಪ್ರಶ್ನೆಗಳಿಗೆ ಅವರು ತಲೆ ಅಲ್ಲಾಡಿಸಿ ಉತ್ತರ ಕೊಟ್ಟರು. ಆ ಕೈ ಮಾತ್ರ ಅಲ್ಲಿಂದ ಬರಲಿಲ್ಲ.

ಕಾರಿನಲ್ಲಿ ಮನೆಗೆ ಹೊರಟೆವು. ರಸ್ತೆಯ ಬದಿಯಲ್ಲಿ ಹಳೆಯ ಹಿಮ ಕಪ್ಪಾಗಿ ಬಿದ್ದಿತ್ತು. ನಾನು ಒಳಗೊಳಗೇ ವಾದ ಜೋಡಿಸುತ್ತಿದ್ದೆ: ಕೆಮ್ಮಿನ ಸಿರಪ್ಪಿನಲ್ಲೂ ಇರುತ್ತದೆ, ಔಷಧ ಅಂದಮೇಲೆ ದೋಷವಿಲ್ಲ, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು. ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

“ನಾ ನಿನ್ನ ಕೇಳಿದ್ನೋ ಇಲ್ಲೋ?”

“ಕೇಳಿದ್ರಿ.”

“ನೀ ಏನಂದಿ?”

“ಇಲ್ಲ ಅಂದ್ನಿರಿ.”

“ಮೂಗು ಹೇಳಿತ್ತು ನನಗ. ಮೊದಲನೇ ದಿನಾನ ಹೇಳಿತ್ತು. ವಯಸ್ಸಾತು, ಮೂಗು ಸುಳ್ಳ ಹೇಳತೈತಿ ಅಂತ ತಿಳ್ಕೊಂಡ್ನಿ. ನೀ ಹೇಳತಿ ಅಂತ ತಿಳ್ಕೊಳ್ಳಲಿಲ್ಲ.”

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅವರು ಕಿಟಕಿಯ ಕಡೆ ತಿರುಗಿದರು.

“ನನಗ ಕುಡಿಸಿದ್ದರ ಕುಡಿಸಿದ್ದಿ, ಹೋಗ್ಲಿ ಬಿಡು. ಅದನ್ನ ನಾ ಮೊದಲ ಯಾರಿಗೆ ಕೊಟ್ಟೆ? ನೀ ನೋಡ್ಕೋತ ನಿಂತಿದ್ದಿ.”

ಹೌದು, ನೋಡುತ್ತ ನಿಂತಿದ್ದೆ. ಜೋಡಿಸಿಕೊಂಡ ವಾದಗಳಲ್ಲಿ ಒಂದೂ ಆ ಮಾತಿನ ಎದುರು ನಿಲ್ಲುವಂಥದ್ದಿರಲಿಲ್ಲ. ತಪ್ಪಾಯಿತು ಎಂದು ಕೂಡ ಹೇಳಲಿಲ್ಲ ನಾನು, ಹಿಂದಿನ ಕಾರು ಹಾರ್ನ್ ಹೊಡೆಯಿತು, ಮುಂದೆ ಹೋದೆ. ಮನೆ ಬಂದಮೇಲೆ ಅವರು ತಾವೇ ಬಾಗಿಲು ತೆಗೆದುಕೊಂಡು ಇಳಿದರು. ‘ಮೆಟ್ಟಲ ಮ್ಯಾಲೆ ಹಿಮ ಐತ್ರಿ, ಕೈ ಹಿಡೀಲಿ?’ ಎಂದೆ. ಬೇಡ ಅಂದರು.

ಮರುದಿನ ಅವರು ಉಪವಾಸ ಇದ್ದರು ಎಂದು ಹೆಂಡತಿಯಿಂದ ತಿಳಿಯಿತು. ಮಗಳು ಯಾಕೆ ಎಂದು ಕೇಳಿದ್ದಕ್ಕೆ ಹೊಟ್ಟೆ ಸರಿ ಇಲ್ಲ ಅಂದರಂತೆ. ಯಾರಿಗೂ ಹೇಳಲಿಲ್ಲ. ಅಳಿಯನಿಗೆ ಹೇಳಿದ್ದರೆ ಅವನು ಕೆಳಗಿಳಿದು ಬಂದು ನಾಲ್ಕು ಮಾತು ಅನ್ನುತ್ತಿದ್ದ, ಬೇಸ್‌ಮೆಂಟು ಖಾಲಿ ಮಾಡಿ ಅನ್ನುತ್ತಿದ್ದ, ನಾನೂ ಎದುರು ಮಾತಾಡಿ, ಜಗಳ ಆಗಿ, ಒಂದು ರೀತಿ ಹಗುರಾಗುತ್ತಿದ್ದೆ. ಭಾನುವಾರ ನಮ್ಮ ಜನರ ಎದುರು ಹೇಳಿದ್ದರೆ ನಾಚಿಕೆಯಾದರೂ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಅವರು ಅದನ್ನು ನನ್ನ ಪಾಲಿಗೇ ಬಿಟ್ಟರು. ಜನ ನನ್ನನ್ನು ಕೆಮ್ಮಿಗೆ ಔಷಧ ಕೇಳುತ್ತಲೇ ಇದ್ದರು, ಅಕ್ಕೋರು ಪಕ್ಕದಲ್ಲಿ ಕೂತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ನನಗೆ ಗೊತ್ತಿಲ್ಲರಿ, ನಾನು ಬರೇ ಮುಚ್ಚಳ ತಿರುಗಿಸುವವನು ಎಂದು ಬಾಯಿ ಬಿಟ್ಟು ಹೇಳಿದ್ದು ಆಗಲೇ. ಯಾರೂ ನಂಬಲಿಲ್ಲ, ವಿನಯ ಅಂದುಕೊಂಡರು.

ನಾನು ಗ್ಲಿಸರಿನ್‌ದನ್ನು ಆಫೀಸಿನಲ್ಲಿ ಕೊಂಡು, ಚೀಟಿ ಕೀಳದೆ, ಮೇಲೆ ಒಯ್ದೆ. ಆಪರೇಷನ್ ಮುಗಿದು ಡಾಕ್ಟರು ಸರಿ ಅಂದಮೇಲೆ ಬೇಕಿದ್ದರೆ ತಗೊಳ್ಳಿ, ಇದರಲ್ಲಿ ನಿಜವಾಗಿಯೂ ಇಲ್ಲ, ಮಗಳ ಕೈಯಲ್ಲಿ ಓದಿಸಿ ನೋಡಿ ಎಂದೆ. ‘ಅಲ್ಲಿಡು’ ಅಂದರು. ನಿಜವಾಗಿಯೂ ಅನ್ನುವ ಶಬ್ದ ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ಅವರು ಅದನ್ನು ಯಾವತ್ತೂ ತೆರೆಯಲಿಲ್ಲ. ನೆತ್ತಿಯ ಮೇಲೆ ಹೆಜ್ಜೆ ಸಪ್ಪಳ ಮತ್ತೆ ಶುರುವಾಗಿತ್ತು, ಕೆಳಗೆ ಹೆಂಡತಿಗೂ ನನಗೂ ಎಚ್ಚರ. ಅವಳು ಒಂದು ದಿನವೂ ನಾ ಹೇಳಿದ್ದೆ ಅನ್ನಲಿಲ್ಲ.

ಆಪರೇಷನ್ನಿನ ದಿನವೂ ನಾನೇ ಕರೆದುಕೊಂಡು ಹೋದೆ. ಮಗಳಿಗೆ ಆ ದಿನವೂ ಮಧ್ಯಾಹ್ನದ ಮೇಲೇ ಬರಲು ಆದದ್ದು. ಅಕ್ಕೋರು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಎಲ್ಲ ಬೇಗ ಮುಗಿಯಿತು. ಹೊರಗೆ ಕೂಡಿಸಿದಾಗ ಒಂದು ಕಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಸುತ್ತ ಬಿಳಿ ಟೇಪು. ಇನ್ನೊಂದು ಕಣ್ಣೂ ಮಂಜು. ಸೆರಗಿನ ಕೆಳಗೆ ಕರಡಿಗೆ ಇದೆಯೇ ಎಂದು ಮೊದಲು ಮುಟ್ಟಿ ನೋಡಿಕೊಂಡರು.

“ಯಾರದೀರಿ ಅಲ್ಲಿ?”

“ನಾನ್ರಿ ಅಕ್ಕೋರ.”

“ಒಂದೀಟು ನೀರು ಕೊಡು ತಮ್ಮಾ. ಗಂಟಲಾ ಒಣಗೈತಿ.”

ತಮ್ಮಾ ಅಂದದ್ದು ಕೇಳಿ ನನಗೆ ಎದೆ ತುಂಬಿ ಬಂತು. ಕ್ಷಮಿಸಿಬಿಟ್ಟರು ಅಂದುಕೊಂಡೆ. ಓಡಿ ಹೋಗಿ, ಗೋಡೆಯ ಹತ್ತಿರ ಇದ್ದ ನಲ್ಲಿಯಿಂದ ಕಾಗದದ ಲೋಟ ತುಂಬಿ ತಂದು, ಅವರ ಎರಡೂ ಕೈಗಳ ನಡುವೆ ಇಟ್ಟೆ.

ಅವರು ಲೋಟವನ್ನು ಎತ್ತಿದರು. ಎದೆಯ ಹತ್ತಿರ ಅಲ್ಲ, ಮೊದಲು ಮೂಗಿನ ಹತ್ತಿರ. ನಿಧಾನವಾಗಿ ಒಂದು ಉಸಿರು ಎಳೆದರು. ಸ್ವಲ್ಪ ತಡೆದು ಇನ್ನೊಂದು ಎಳೆದರು. ಸಿಟ್ಟಿನಿಂದಲ್ಲ, ನನಗೆ ತೋರಿಸಬೇಕೆಂದೂ ಅಲ್ಲ, ಕಣ್ಣು ಕಾಣದ ಮನುಷ್ಯ ಮೆಟ್ಟಿಲನ್ನು ಕಾಲಿನಿಂದ ತಡವುವ ಹಾಗೆ. ಆಮೇಲೆ ಲೋಟ ಕೆಳಗಿಳಿಸಿ ಲಿಂಗದ ಹತ್ತಿರ ಹಿಡಿದರು. ತೆರೆದಿದ್ದ ಒಂದು ಕಣ್ಣನ್ನು ಮುಚ್ಚಿದರು, ತುಟಿ ಅಲುಗಿತು, ಕುಡಿದರು.

ಖಾಲಿ ಲೋಟವನ್ನು ನನ್ನ ಕಡೆ ಚಾಚಿ, ‘ಇನ್ನೊಂದೀಟು ತಾ’ ಅಂದರು. ತಂದುಕೊಟ್ಟೆ. ಅದನ್ನೂ ಮೂಸಿ ನೋಡಿದರು.